ಸೆಕೆಂಡ್‌ಹ್ಯಾಂಡ್ ಮಹೀಂದ್ರಾ: ತೋಟದ ಮನೆಯ ದಾರಿಗೆ ಯಾವುದು ಸರಿ?

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಗಳಲ್ಲಿ, ತೋಟದ ಮನೆಯವರು ಸೆಕೆಂಡ್‌ಹ್ಯಾಂಡ್ ಗಾಡಿಯ ಮಾತೆತ್ತಿದರೆ ಮಹೀಂದ್ರಾದ ಹೆಸರು ಬಾರದೆ ಇರುವುದಿಲ್ಲ. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದ ವಾಹನ ತಯಾರಿಕೆಗೆ ಇಳಿದ ಈ ಕಂಪೆನಿಯ ಜೀಪುಗಳು ಬಸ್ಸು ಹೋಗದ ಊರುಗಳಿಗೆ ಸರ್ವಿಸ್ ನಡೆಸಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಂದಿಗೂ ಸಣ್ಣ ಪೇಟೆಯ ಗ್ಯಾರೇಜಿನವರಿಗೆ ಬೊಲೆರೊದ ಕೆಲಸ ಗೊತ್ತಿಲ್ಲ ಎಂಬ ಮಾತಿಲ್ಲ. ಆದರೆ ಒಂದೇ ಕಂಪೆನಿಯ ಗಾಡಿಗಳೆಂದ ಮಾತ್ರಕ್ಕೆ ಎಲ್ಲವೂ ಒಂದೇ ಕೆಲಸಕ್ಕೆ ಒದಗುವುದಿಲ್ಲ. ಬೊಲೆರೊ, ಸ್ಕಾರ್ಪಿಯೊ, ಎಕ್ಸ್‌ಯುವಿ 500, ಎಕ್ಸ್‌ಯುವಿ 300 ಮತ್ತು ಪಿಕಪ್‌ಗಳನ್ನು ಹೋಲಿಸಿ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಯಾವ ಮಾದರಿ ಎನ್ನುವುದಕ್ಕಿಂತ ಗಾಡಿ ಎಲ್ಲಿ ಓಡಿತ್ತು, ಏನನ್ನು ಹೊತ್ತಿತ್ತು ಎನ್ನುವುದೇ ಮುಖ್ಯ, ಮತ್ತು ಅದನ್ನು ತಿಳಿಯಬೇಕಾದರೆ ಗಾಡಿಯ ಅಡಿಗೆ ಬಗ್ಗಿ ನೋಡಲೇಬೇಕು.

ನಮ್ಮಲ್ಲಿ ಡಾಮರು ರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ದಾರಿ ಹೆಚ್ಚಾಗಿ ಮುರಕಲ್ಲಿನ ಗುಡ್ಡೆಯನ್ನು ಕಡಿದು ಮಾಡಿದ್ದು. ಮಳೆಗಾಲದಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆ, ತಿರುವು ಕಿರಿದು, ಏರು ಕಡಿದು. ಇಂತಹ ದಾರಿಗೆ 2000ದಲ್ಲಿ ಬಂದ ಬೊಲೆರೊ ಇಂದಿಗೂ ಮೊದಲ ಆಯ್ಕೆಯಾಗಿ ಉಳಿದಿರುವುದಕ್ಕೆ ತಕ್ಕ ಕಾರಣಗಳಿವೆ. ಅದು ಚಾಸಿಯ, ಅಂದರೆ ಉಕ್ಕಿನ ಚೌಕಟ್ಟಿನ, ಮೇಲೆ ಬಾಡಿ ಕೂರಿಸಿದ ಗಾಡಿ, ಹಿಂದಿನ ಚಕ್ರಗಳು ಎಳೆಯುತ್ತವೆ, ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್ ಇದೆ. ಆಳು ಕಾಳು, ಗೊಬ್ಬರದ ಚೀಲ ಎಲ್ಲ ತುಂಬಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ ಎಳೆಯುವ ಚಕ್ರಗಳಿಗೇ ಹಿಡಿತ ಹೆಚ್ಚುತ್ತದೆ. ಹಳೆಯ 2.5 ಲೀಟರ್ ಎಂಜಿನ್ನಿನ ಶಕ್ತಿ 63 ಅಶ್ವಶಕ್ತಿ ಮಾತ್ರವಾದರೂ ಅದು ದುರಸ್ತಿಗೆ ಸುಲಭ. 2016ರಲ್ಲಿ ಬೊಲೆರೊ ಪವರ್ ಪ್ಲಸ್‌ನೊಂದಿಗೆ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಬಂತು, ಉದ್ದವೂ 4 ಮೀಟರಿನೊಳಗೆ ಇಳಿಯಿತು. ಹೊಗೆ ಮಿತಿಯ ಹೊಸ ನಿಯಮವಾದ ಬಿಎಸ್ 6ಕ್ಕೆ ಹೊಂದುವ 2020ರ ಬೊಲೆರೊದಲ್ಲಿ ಇದೇ ಎಂಜಿನ್ 75 ಅಶ್ವಶಕ್ತಿ ಮತ್ತು 210 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಆ ಟಾರ್ಕ್ 1600 ಆರ್‌ಪಿಎಂನಿಂದಲೇ ಸಿಗುವ ಕಾರಣ ಏರಿನಲ್ಲಿ ಎಂಜಿನ್ನನ್ನು ಅರಚಿಸಬೇಕಾಗಿಲ್ಲ.

ಕೊರತೆಯನ್ನೂ ಮುಚ್ಚಿಡಬಾರದು. ಹಿಂದಿನ ಅಡ್ಡ ಸೀಟಿನಲ್ಲಿ ಕುಳಿತು ಮಂಗಳೂರಿನವರೆಗೆ ಹೋದ ಹಿರಿಯರು ಮರುದಿನ ಸೊಂಟ ಹಿಡಿದುಕೊಳ್ಳುತ್ತಾರೆ. ಸುರಕ್ಷತೆಯ ವಿಷಯ ಅದಕ್ಕಿಂತ ಗಂಭೀರವಾದುದು. ಹೊಸ ಕಾರುಗಳಿಗೆ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ, ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಬಂದದ್ದು 2022ರಿಂದ. ಆದ್ದರಿಂದ ಹಳೆಯ ಬೊಲೆರೊವನ್ನು ತೋಟಕ್ಕೂ ಹತ್ತಿರದ ಪೇಟೆಗೂ ಇಟ್ಟುಕೊಳ್ಳಬಹುದೇ ಹೊರತು, ಆರು ಪಥವಾಗುತ್ತಿರುವ ರಾಷ್ಟ್ರೀಯ ಹೆದ್ದಾರಿ 66ರ ವೇಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಓಡಿಸುವ ಗಾಡಿ ಅದಲ್ಲ. 2021ರಲ್ಲಿ ಬಂದ ಬೊಲೆರೊ ನಿಯೊ ಬೇರೆಯೇ ಗಾಡಿ; ಟಿಯುವಿ 300ರ ಮುಂದುವರಿಕೆ ಅದು. ಅದರ 100 ಅಶ್ವಶಕ್ತಿ ಮತ್ತು ಎನ್ 10 ಆಪ್ಷನ್ ಮಾದರಿಯಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್, ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುವ ಸಂದರ್ಭದಲ್ಲಿ ನಿಜವಾಗಿ ಉಪಕಾರಕ್ಕೆ ಬರುತ್ತವೆ. ಆದರೆ ಗಾಡಿಯನ್ನು ಅಪ್ಪಳಿಸಿ ನೋಡಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ದೊರೆತದ್ದು ಒಂದೇ ನಕ್ಷತ್ರ.

ಸ್ಕಾರ್ಪಿಯೊ ಕೊಳ್ಳುವವರು 2014ರ ನಂತರದ ಗಾಡಿಯನ್ನೇ ಹುಡುಕುವುದು ಒಳ್ಳೆಯದು, ಏಕೆಂದರೆ ಆ ವರ್ಷ ಅದರ ಚಾಸಿಯೇ ಬದಲಾಯಿತು. 2017ರ ಬಳಿಕ ಮೇಲಿನ ಮಾದರಿಗಳಲ್ಲಿ 2.2 ಲೀಟರ್ ಎಂಜಿನ್ನಿಗೆ 140 ಅಶ್ವಶಕ್ತಿ ಬಂದಿದ್ದು, ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವಂತಹ ದಾರಿಯಲ್ಲಿ ಅದರ ಶಕ್ತಿ ಎದ್ದು ಕಾಣುತ್ತದೆ. ಅದೇ ಶಕ್ತಿಗಾಗಿ ಯುವಕರು ಅದನ್ನು ಹದ ಮೀರಿ ಓಡಿಸಿರುವ ಸಂಭವವೂ ಹೆಚ್ಚು. ಟಯರನ್ನು ದೊಡ್ಡದು ಮಾಡಿಸಿದ, ಎತ್ತರ ಏರಿಸಿದ ಸ್ಕಾರ್ಪಿಯೊವನ್ನು ನಾನು ಯಾರಿಗೂ ಹೇಳುವುದಿಲ್ಲ. ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊ 2016ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು, ಏರ್‌ಬ್ಯಾಗ್ ಇರುವ ಮಾದರಿಯನ್ನೇ ನೋಡಬೇಕು. 2022ರ ಸ್ಕಾರ್ಪಿಯೊ ಎನ್ ಐದು ನಕ್ಷತ್ರದ ಗಾಡಿ. ಸೆಕೆಂಡ್‌ಹ್ಯಾಂಡ್ ಬೆಲೆ ಇನ್ನೂ ಇಳಿದಿಲ್ಲ.

2011ರಿಂದ 2021ರವರೆಗೆ ಮಾರಾಟವಾದ ಎಕ್ಸ್‌ಯುವಿ 500 ಈಗ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ, ಆಸೆ ಹುಟ್ಟಿಸುತ್ತದೆ. ಹೆದ್ದಾರಿಯ ಬದಿಯಲ್ಲಿ, ಕುಂಬಳೆಯಲ್ಲೋ ಉಪ್ಪಳದಲ್ಲೋ ಮನೆಯಿದ್ದು ದೂರ ಪ್ರಯಾಣ ಮಾಡುವವರಿಗೆ ಅದು ಸುಖದ ಗಾಡಿಯೇ. ಆದರೆ ಹೆಚ್ಚಿನ ಮಾದರಿಗಳಲ್ಲಿ ಎಳೆಯುವುದು ಮುಂದಿನ ಚಕ್ರ, ಉದ್ದ ನಾಲ್ಕೂವರೆ ಮೀಟರಿಗೂ ಮೀರಿದ್ದು. ಏಳು ಜನ ತುಂಬಿದ ಮೇಲೆ ಹಾವಸೆ ಕಟ್ಟಿದ ಏರಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಒಳದಾರಿಯ ಮನೆಗೆ ಅದು ಬೇಡ. ಮಹೀಂದ್ರಾದ ಮರಾಜೊ ಕೂಡ ಮುಂದಿನ ಚಕ್ರದ ಗಾಡಿಯೇ ಆದ್ದರಿಂದ ಅದಕ್ಕೂ ಈ ಮಾತು ಸಲ್ಲುತ್ತದೆ. ನಾಲ್ಕೈದು ಜನರ ಕುಟುಂಬ, ಸುರಕ್ಷತೆಯೇ ಮೊದಲು ಎನ್ನುವವರು 2019ರಲ್ಲಿ ಬಂದು 2020ರಲ್ಲಿ ಐದು ನಕ್ಷತ್ರ ಪಡೆದ ಎಕ್ಸ್‌ಯುವಿ 300ನ್ನು ಕಣ್ಣುಮುಚ್ಚಿ ಪಟ್ಟಿಗೆ ಸೇರಿಸಬಹುದು; ಸಾಮಾನು ಇಡುವ ಡಿಕ್ಕಿ ಮಾತ್ರ ಸಣ್ಣದು.

ಬಿಎಸ್ 6 ಡೀಸೆಲ್ ಯಾವುದೇ ಇರಲಿ, ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಬಗ್ಗೆ ಕೇಳಿಯೇ ಕೇಳಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಸಣ್ಣ ಓಟದಲ್ಲೇ ಇದ್ದ ಗಾಡಿಯಲ್ಲಿ ಆ ಮಸಿ ಸುಟ್ಟುಹೋಗುವಷ್ಟು ಬಿಸಿ ಬರುವುದಿಲ್ಲ, ಜಾಲರಿ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ದೊಡ್ಡದು. ಕೊಳ್ಳುವ ಮುನ್ನ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಡ್ಯಾಶ್‌ಬೋರ್ಡಿನ ದೀಪಗಳನ್ನು ಗಮನಿಸಬೇಕು.

ಪಿಕಪ್‌ನ ಪರೀಕ್ಷೆ ಇದಕ್ಕಿಂತ ಕಠಿಣ. 1.3 ಟನ್, 1.5 ಟನ್, 1.7 ಟನ್ ಎಂದು ಬೊಲೆರೊ ಪಿಕಪ್‌ಗಳಲ್ಲಿ ಭಾರ ಹೊರುವ ಅಳತೆ ಬೇರೆ ಬೇರೆ. ಅಡಿಕೆ, ತೆಂಗಿನಕಾಯಿ ಹೊತ್ತ ಪಿಕಪ್‌ಗೂ ಕೆಂಪುಕಲ್ಲು ಹೊತ್ತ ಪಿಕಪ್‌ಗೂ ಅಜಗಜಾಂತರವಿದೆ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿಯನ್ನು ನಿಲ್ಲಿಸಿ ಹಿಂದಿನ ಲೀಫ್ ಸ್ಪ್ರಿಂಗ್ ನೋಡಿ: ಭಾರವಿಲ್ಲದೆಯೂ ಅದು ಬಿಲ್ಲಿನ ಬಾಗು ಕಳೆದುಕೊಂಡು ನೆಟ್ಟಗಾಗಿದ್ದರೆ, ಅಥವಾ ಹಳೆಯ ಪಟ್ಟಿಗಳ ನಡುವೆ ಹೊಳೆಯುವ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ, ಅದು ಹೊತ್ತದ್ದು ಅಡಿಕೆಯಲ್ಲ. ಬಾಡಿಯ ಮೂಲೆಗಳಲ್ಲಿ ಕೆಂಪು ಹುಡಿ ಕೂತಿದೆಯೇ ಎಂದೂ ಬೆರಳಿಟ್ಟು ನೋಡಬಹುದು. ಗಾಡಿ ಓಡಲು ಯೋಗ್ಯವೆಂಬ ಫಿಟ್ನೆಸ್ ಸರ್ಟಿಫಿಕೇಟ್ ಎಂದಿನವರೆಗೆ ಇದೆ ಎಂಬುದು ಬೆಲೆಯಷ್ಟೇ ಮುಖ್ಯ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಅದನ್ನು ವರ್ಷವೂ ಮಾಡಿಸಬೇಕು.

ಅಡಿಯನ್ನು ನೋಡುವುದು ಎಲ್ಲ ಗಾಡಿಗೂ ಅನ್ವಯ. ಕಡಲ ಬದಿಯಲ್ಲಿ ನಿಂತ ಗಾಡಿಯ ಬಣ್ಣ ಮೇಲೆ ಹೊಳೆಯುತ್ತಿದ್ದರೂ ಚಾಸಿಯ ತೂತುಗಳಲ್ಲಿ ಬೆರಳಾಡಿಸಿದರೆ ತುಕ್ಕಿನ ಹೊಪ್ಪಳೆ ಉದುರುತ್ತದೆ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಕಾರಣ ಕೇಳಬೇಕು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸುರುಳಿಯೊಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅದು ನೀರಿನಲ್ಲಿ ಮುಳುಗಿದ ಗಾಡಿ. 2018ರ ಪ್ರವಾಹ ಕಂಡ ರಾಜ್ಯದಲ್ಲಿ ಈ ಪರೀಕ್ಷೆಯನ್ನು ಬಿಡಬಾರದು. ದೆಹಲಿ ನೋಂದಣಿಯ ಗಾಡಿ ಅಗ್ಗಕ್ಕೆ ಬಂದರೆ, ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವೂ ಆ ಅಗ್ಗಕ್ಕೆ ಒಂದು ಕಾರಣವೆಂದು ತಿಳಿದಿರಬೇಕು.

ಗಡಿನಾಡಿನ ನಮಗೆ ಇನ್ನೊಂದು ಲೆಕ್ಕವಿದೆ. ಪುತ್ತೂರು, ಸುಳ್ಯದ ನೆಂಟರ ಮೂಲಕ ಕೆಎ 21 ನೋಂದಣಿಯ ಒಳ್ಳೆಯ ಬೊಲೆರೊ ಸಿಗುವುದುಂಟು, ಮತ್ತು ಗುರುತಿನವರ ಗಾಡಿಯಾದ್ದರಿಂದ ಅದರ ಚರಿತ್ರೆಯೂ ತಿಳಿದಿರುತ್ತದೆ. ಆದರೆ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿಕೊಳ್ಳುವ ವಾಹನಕ್ಕೆ ಆ ರಾಜ್ಯದ ನೋಂದಣಿ ಮಾಡಿಸಲೇಬೇಕು. ಅದಕ್ಕಾಗಿ ಕರ್ನಾಟಕದ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಪತ್ರ, ಪಡೆದು, ಕೇರಳದ ತೆರಿಗೆ ಕಟ್ಟಿ, ಕೆಎಲ್ 14 ಮಾಡಿಸಿಕೊಳ್ಳಬೇಕಾಗುತ್ತದೆ. ಈ ತೆರಿಗೆಯನ್ನು ಮೊದಲೇ ವಿಚಾರಿಸಿ ಗಾಡಿಯ ಬೆಲೆಗೆ ಕೂಡಿಸಿ ನೋಡಿದರೆ, ಕಾಸರಗೋಡಿನಲ್ಲೇ ತುಸು ದುಬಾರಿಯಾಗಿ ಕಂಡ ಗಾಡಿ ಕೆಲವೊಮ್ಮೆ ಅಗ್ಗವಾಗಿರುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಸಾಲ ತೀರಿತೆಂದು ಬ್ಯಾಂಕು ಸಹಿ ಹಾಕುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು, ಹಾಗೂ ಹೆಸರು ಬದಲಾದ 14 ದಿನಗಳೊಳಗೆ ಇನ್ಶೂರೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.