ಕುಲುಮೆಗೆ ಗೆರಟೆ ಇದ್ದಿಲೋ, ಗ್ಯಾಸೋ?

ಕುಂಬಳೆಯಲ್ಲಿ ಗೆಳೆಯರು ಸೇರಿ ಕುಲುಮೆ ಹಾಕುವವರು, ಬೆಂಕಿಗೆ ತೆಂಗಿನ ಗೆರಟೆ ಸುಟ್ಟ ಇದ್ದಿಲು ಒಳ್ಳೆಯದೋ ಗ್ಯಾಸೋ ಎಂದು ಕೇಳಿದ್ದೀರಿ. ಖರ್ಚು ನೋಡಿದರೆ ಗೆರಟೆ ಇದ್ದಿಲೇ ಸಲೀಸು. ಕಾಸರಗೋಡಿನಲ್ಲಿ ತೆಂಗಿಗೆ ಬರವೇ? ಮಣ್ಣಿನ ಒಲೆ, ಕಬ್ಬಿಣದ ಪೈಪು, ಒಂದು ಬ್ಲೋವರ್ ಸಾಕು. ಗ್ಯಾಸಿಗೆ ಬರ್ನರ್, ರೆಗ್ಯುಲೇಟರ್, ಒಳಗೆ ಶಾಖ ತಡೆಯುವ ಸೆರಾಮಿಕ್ ಫೈಬರ್ ಹೊದಿಕೆ ಬೇಕು. ಅಡುಗೆಮನೆ ಸಿಲಿಂಡರ್ ತರಬೇಡಿ, ಕಾನೂನು ಒಪ್ಪಲ್ಲ. ವಾಣಿಜ್ಯ ಸಿಲಿಂಡರೇ ಆಗಬೇಕು.

ಹೊಸಬರು ಜಾಸ್ತಿ ಇದ್ದರೆ ಗ್ಯಾಸ್ ಸುಲಭ, ಶಾಖ ಒಂದೇ ಸಮ. ಇದ್ದಿಲಿನಲ್ಲಿ ಸುಮ್ನೆ ಗಾಳಿ ಏರಿಸಿದರೆ ಕತ್ತಿಯ ತುದಿ ಕಿಡಿ ಹಾರಿಸಿ ಸುಟ್ಟೇ ಹೋಗುತ್ತದೆ.

ಆದರೆ ಪಿಕ್ಕಾಸಿನಂಥ ಅಡ್ಡಾದಿಡ್ಡಿ ಸಾಮಾನು ಗ್ಯಾಸ್ ಗೂಡಿನೊಳಗೆ ಹೋಗಬೇಕಲ್ವಾ? ರಿಪೇರಿಯೇ ಮುಖ್ಯವಾದರೆ ಇದ್ದಿಲು ವಾಸಿ. ಬಿಳಿಗಾರ (ಬೋರಾಕ್ಸ್) ಹಾಕಿ ಬೆಸೆಯುವವರಿಗೂ ಅದೇ. ಕರಗಿದ ಬಿಳಿಗಾರ ಗ್ಯಾಸ್ ಗೂಡಿನ ಫೈಬರನ್ನು ತಿಂದುಹಾಕುತ್ತದೆ.

ಮಳೆಗಾಲದಲ್ಲಿ ಇದ್ದಿಲು ತೇವ ಎಳೆಯುತ್ತದೆ, ಡ್ರಮ್ಮಿನಲ್ಲಿ ಮುಚ್ಚಿಡಿ. ಯಾವುದಾದರೂ ಸರಿ, ಶೆಡ್ಡಿನ ಎರಡು ಬದಿ ತೆರೆದಿರಲಿ. ಎರಡರಿಂದಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ.