ಬೇಗ ಹಣ್ಣು ಕೊಡುವ ಸ್ಟ್ರಾಬೆರಿ ಯಾವುದು? ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ

ಬೆಂಗಳೂರಿನ ತಾರಸಿಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸ್ಟ್ರಾಬೆರಿ ಕೊಯ್ಯಬೇಕಾದರೆ ಅಕ್ಟೋಬರ್ ಮಧ್ಯದೊಳಗೆ ಸಸಿ ಕುಂಡಕ್ಕೆ ಇಳಿದಿರಬೇಕು. ಈ ಮೂರೂ ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಹೂ ಬಿಡುವ ತಳಿಗಳೇ. ಆದರೂ ಒಂದೇ ಮಣ್ಣಲ್ಲಿ ಒಟ್ಟಿಗೆ ನೆಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಬೇಗ ಹಣ್ಣು ಬೇಕು ಅನ್ನುವವರಿಗೆ ನಮ್ಮ ಆಯ್ಕೆ ವಿಂಟರ್ ಡಾನ್. ಫ್ಲಾರಿಡಾ ವಿಶ್ವವಿದ್ಯಾಲಯದ ಈ ತಳಿ ನೆಟ್ಟ ಎರಡು ತಿಂಗಳಿನ ಸುಮಾರಿಗೆ ಮೊದಲ ಹಣ್ಣು ಕೊಡುತ್ತದೆ. ಗಿಡ ಹರಡುವುದಿಲ್ಲ, 8 ಇಂಚಿನ ಕುಂಡ ಸಾಕು. ಹಣ್ಣು ದಪ್ಪ, ಗಟ್ಟಿ. ರುಚಿ ಮಾತ್ರ ಸಾಧಾರಣ. ತೊಟ್ಟಿನ ಹತ್ತಿರದ ಬಿಳಿ ಪೂರ್ತಿ ಕೆಂಪಾದ ಮೇಲೆ ಇನ್ನೊಂದು ದಿನ ಬಿಟ್ಟು ಕಿತ್ತರೆ ಸಿಹಿ ಸಿಗುತ್ತದೆ.

ರುಚಿಗೆ ಸ್ವೀಟ್ ಚಾರ್ಲಿಯೇ ಸರಿ. ಇದೂ ಫ್ಲಾರಿಡಾದ್ದೇ, ಇದೂ ಬೇಗ ಬರುತ್ತದೆ. ಹುಳಿ ಕಡಿಮೆ, ಮಕ್ಕಳು ಸಕ್ಕರೆ ಕೇಳದೆ ತಿನ್ನುತ್ತಾರೆ. ಹಣ್ಣು ಮೆತ್ತಗಿರುವುದೇ ತೊಂದರೆ. ನವೆಂಬರಿನ ಹಿಂಗಾರು ಮಳೆ ಹಿಡಿದರೆ ಕಾಯಿ ಮಣ್ಣಿಗೆ ತಾಗಿದ ಕಡೆ ಬೂದು ಬಣ್ಣದ ಬೂಷ್ಟು ಕಟ್ಟಿ, ಪಕ್ಕದ ಹಣ್ಣಿಗೂ ಹಬ್ಬುತ್ತದೆ. ಬುಡಕ್ಕೆ ಭತ್ತದ ಹುಲ್ಲು ಹಾಸಿ, ಬೂಷ್ಟು ಹಿಡಿದ ಹಣ್ಣನ್ನು ಕಂಡ ತಕ್ಷಣ ಕಿತ್ತು ದೂರ ಎಸೆಯಿರಿ.

ಕ್ಯಾಮರೋಸಾ ಕ್ಯಾಲಿಫೋರ್ನಿಯಾದ್ದು, ನಿಧಾನದ್ದು. ಗಿಡ ಜೋರಾಗಿ ಬೆಳೆಯುತ್ತದೆ, 10 ಇಂಚಿಗಿಂತ ಚಿಕ್ಕ ಕುಂಡದಲ್ಲಿ ಇಕ್ಕಟ್ಟು. ಎಲೆಯ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿ ರೋಗವೂ ಬೇಗ ತಗಲುತ್ತದೆ. ಬೇಗ ಹಣ್ಣು ಬೇಕೆಂದು ಬೆಳೆಯುವವರಿಗೆ ಇದು ಬೇಡ.

ಯಾವ ತಳಿಯಾದರೂ ಹೆಚ್ಚು ಸಸಿ ಸಾಯುವುದು ನೆಡುವಾಗಿನ ತಪ್ಪಿನಿಂದ. ಹೊಸ ಎಲೆಗಳು ಹೊರಡುವ ಸುಳಿಯನ್ನು ಗಮನಿಸಿ. ಅದರ ತುದಿ ಮಣ್ಣಿನ ಮೇಲೆ, ಬುಡ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಸುಳಿ ಹೂತರೆ ಕೊಳೆಯುತ್ತದೆ, ಬೇರು ಹೊರಗೆ ಕಂಡರೆ ಗಿಡ ಒಣಗುತ್ತದೆ. ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ, ಆದ್ದರಿಂದ ಮರುದಿನ ಇನ್ನೊಮ್ಮೆ ನೋಡಿ ಸರಿಪಡಿಸಿ.

ಮಣ್ಣಿಗೆ ಕೆಂಪು ಮಣ್ಣು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟಿನಲ್ಲಿ ಉಪ್ಪಿರುತ್ತದೆ, ಅದನ್ನು ನೆನೆಸಿ ಎರಡು ಮೂರು ಸಲ ಹಿಂಡಿ ನೀರು ಚೆಲ್ಲಲೇಬೇಕು. ಸ್ಟ್ರಾಬೆರಿಗೆ ಉಪ್ಪು ಸ್ವಲ್ಪವೂ ಆಗದು, ಎಲೆಯ ಅಂಚು ಕಂದಾಗಿ ಸುಡುತ್ತದೆ. ಬೋರ್‌ವೆಲ್ ಗಡಸು ನೀರಿನಿಂದಲೂ ಹಾಗೇ ಆಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ವಾರಕ್ಕೊಮ್ಮೆ ಅದನ್ನೇ ಧಾರಾಳವಾಗಿ ಹಾಕಿ, ಉಪ್ಪು ಕೆಳಗಿನ ತೂತಿನಿಂದ ತೊಳೆದುಹೋಗಲಿ. ಗೊಬ್ಬರ ಹೆಚ್ಚಾದರೆ ಎಲೆ, ಹಂಬು (ಬುಡದಿಂದ ಹೊರಡುವ ಬಳ್ಳಿ) ಜೋರು, ಹೂ ಕಡಿಮೆ. ಹಣ್ಣು ಬಿಡುವ ಕಾಲದಲ್ಲಿ ಹಂಬುಗಳನ್ನು ಚಿವುಟುತ್ತಾ ಇರಿ.

ಮೊದಲ ಹೂಗಳನ್ನು ಕೀಳಬೇಕೇ? ಗಿಡದಲ್ಲಿ ಐದು ಒಳ್ಳೆಯ ಎಲೆ ಇಲ್ಲದಿದ್ದರೆ ಕೀಳಿ. ಇದ್ದರೆ ಬಿಡಿ. ಎಲ್ಲ ಗಿಡಕ್ಕೂ ಒಂದೇ ನಿಯಮ ಹಾಕಿದರೆ ಬೇಗ ಬರುವ ತಳಿ ತಂದ ಲಾಭವೇ ಹೋಗುತ್ತದೆ.

ಎತ್ತರದ ಬಾಲ್ಕನಿಗೆ ಜೇನುನೊಣ ಬರುವುದು ಕಡಿಮೆ. ಹಣ್ಣಿನ ಮೈಮೇಲಿನ ಪ್ರತಿ ಬೀಜವೂ ಕಟ್ಟಿದರೆ ಮಾತ್ರ ಅದರ ಸುತ್ತಲಿನ ತಿರುಳು ಉಬ್ಬುತ್ತದೆ. ಪರಾಗ ತಲುಪದ ಕಡೆ ತಗ್ಗಾಗಿ ಉಳಿದು ಹಣ್ಣು ಸೊಟ್ಟಗಾಗುತ್ತದೆ. ಬಿಸಿಲೇರಿದ ಮೇಲೆ, ಅರಳಿದ ಹೂವಿನ ಮೇಲೆ ಮೆತ್ತನೆಯ ಬ್ರಷ್ ಅನ್ನು ಹಳದಿ ಕೇಸರದಿಂದ ಹೂವಿನ ನಡುವಿನ ಉಬ್ಬಿಗೆ ಸುತ್ತಲೂ ಸವರಿ. ಎರಡು ಮೂರು ದಿನ ಹೀಗೆ ಮಾಡಿದರೆ ಸಾಕು.

ಕಾಯಿ ಹಸಿರಿನಿಂದ ಬಿಳಿಗೆ ತಿರುಗಿದಾಗಲೇ ಬಲೆ ಕಟ್ಟಿ. ಪಿಕಳಾರ, ಅಳಿಲು ಕೆಂಪಾಗುವವರೆಗೆ ಕಾಯುವುದಿಲ್ಲ.