ಅಣೆಕಟ್ಟಿನ ಕೆಳಗೆ ಟ್ರೌಟ್ ಹಿಡಿಯಲು ನೀರಿಗಿಳಿಯುವವರು ದಯವಿಟ್ಟು ಓದಿ

ಕರೆಂಟ್ ತಯಾರಿಸುವ ಅಣೆಕಟ್ಟಿನ ಕೆಳಗೆ ದೊಡ್ಡ ಟ್ರೌಟ್ ಅನ್ನುವ ತಣ್ಣೀರಿನ ಮೀನಿಗಾಗಿ ಫ್ಲೈ (ಹುಳುವಿನಂತೆ ಕಾಣುವ ಕೃತಕ ಗಾಳ) ಬೀಸುತ್ತಾ ನಿಂತಿದ್ದೀರಿ ಅಂದುಕೊಳ್ಳಿ. ಅಷ್ಟು ಹೊತ್ತು ಸುಮ್ಮನಿದ್ದ ಮೀನು ಇದ್ದಕ್ಕಿದ್ದಂತೆ ಮೇಲಿಂದ ಮೇಲೆ ಕಚ್ಚತೊಡಗಿದರೆ, ಮೊದಲು ಕಾಲ ಬುಡದ ನೀರನ್ನು ನೋಡಿ. ಅಂಥ ಹೊತ್ತಿನಲ್ಲೇ ನನ್ನ ಜೀವ ಹೋಗುವುದರಲ್ಲಿತ್ತು.

ನಾನು ಹೋಗಿದ್ದು ಅಮೆರಿಕದ ಆರ್ಕನ್ಸಾ ರಾಜ್ಯದ ವೈಟ್ ನದಿಗೆ, ಬುಲ್ ಶೋಲ್ಸ್ ಅಣೆಕಟ್ಟಿನಿಂದ ಹಲವು ಮೈಲಿ ಕೆಳಗೆ. ಅಲ್ಲಿನ ಬೇಸಿಗೆಯ ಸೆಕೆಗೆ ಟ್ರೌಟ್ ಬದುಕುವ ಮಾತೇ ಇಲ್ಲ. ಆದರೆ ಜಲಾಶಯದ ಆಳದಿಂದ ನೀರು ಬಿಡುವುದರಿಂದ ನದಿ ವರ್ಷವಿಡೀ ತಣ್ಣಗಿರುತ್ತದೆ, ಮೀನಿಗೆ ಮೇವೂ ಧಾರಾಳ. ಅದೇ ರಾಜ್ಯದ ಲಿಟಲ್ ರೆಡ್ ನದಿಯಲ್ಲಿ, ಅದೂ ಅಣೆಕಟ್ಟಿನ ಕೆಳಗೇ, 1992ರಲ್ಲಿ 40 ಪೌಂಡು ದಾಟಿದ ಬ್ರೌನ್ ಟ್ರೌಟ್ ಸಿಕ್ಕಿತ್ತು. ಆಗ ಅದು ವಿಶ್ವದಾಖಲೆ. ಜನ ಎಲ್ಲೆಲ್ಲಿಂದಲೋ ಯಾಕೆ ಬರುತ್ತಾರೆ ಅಂತ ಗೊತ್ತಾಯಿತಲ್ವಾ?

ಬುಲ್ ಶೋಲ್ಸ್‌ನಲ್ಲಿ 8 ಟರ್ಬೈನ್ ಇವೆ, ಅವನ್ನು ತಿರುಗಿಸಿದ ನೀರೇ ನದಿಗೆ ಬರುತ್ತದೆ. ಕರೆಂಟಿನ ಬೇಡಿಕೆ ಏರಿದ ಹಾಗೆ ಒಂದೊಂದನ್ನೇ ಚಾಲೂ ಮಾಡುತ್ತಾರೆ. ಯಾವುದೂ ಓಡದಿದ್ದಾಗ ಮೊಣಕಾಲುದ್ದ ಇರುವ ಜಾಗ, ಎಲ್ಲವೂ ಓಡಿದಾಗ ಆಳುದ್ದ ಮುಳುಗುತ್ತದೆ.

ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡಿದ್ದೆವು. "ಇವತ್ತು ನೀರು ಬಿಡಲ್ಲ, ಸಂಜೆವರೆಗೂ ಆರಾಮ" ಅಂತ ಹೇಳಿ ನನ್ನನ್ನೂ ಸ್ನೇಹಿತನನ್ನೂ ನದಿ ನಡುವಿನ ಜಲ್ಲಿ ದಿಬ್ಬಕ್ಕೆ ಕರೆದುಕೊಂಡು ಹೋದ. ಬೆಳಗ್ಗೆ ಚಿಕ್ಕ ರೇನ್‌ಬೋ ಟ್ರೌಟ್‌ಗಳು ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನದ ಮೇಲೆ ಒಮ್ಮೆಲೇ ಎಲ್ಲ ಬದಲಾಯಿತು. ನನ್ನ ಸ್ಟ್ರೀಮರ್ (ಚಿಕ್ಕ ಮೀನಿನಂತೆ ಕಾಣುವ ಫ್ಲೈ) ಹಿಂದೆಯೇ ತೋಳುದ್ದದ ಬ್ರೌನ್ ಒಂದು ಬಂದು, ಹತ್ತಿರದಲ್ಲೇ ತಿರುಗಿ ಹೋಯಿತು. ಅದರ ಹಳದಿ ಹೊಟ್ಟೆ ನನಗೆ ಸ್ಪಷ್ಟವಾಗಿ ಕಂಡಿತು.

ಅದೇ ಹೊತ್ತಿಗೆ ಒಣ ಎಲೆ, ಕಡ್ಡಿಗಳು ತೇಲಿಬರುತ್ತಿದ್ದವು. ಪಕ್ಕದ ಕಲ್ಲುಗಳ ಮೇಲೆ ಬೆಳಗ್ಗೆಯಿಂದ ಕೇಳುತ್ತಿದ್ದ ಜುಳುಜುಳು ಸದ್ದು ನಿಂತುಹೋಗಿತ್ತು. ನೀರು ಏರುತ್ತಿದೆ ಅಂತ ಗೈಡ್‌ಗೆ ಹೇಳಿದೆ. "ದೊಡ್ಡದು ಬರೋದೇ ಈಗ, ಇನ್ನೊಂಚೂರು ಇರಿ" ಅಂದ. ನಾನು ಎರಡನೇ ಸಲ ಹೇಳಿದಾಗ ತಿರುಗಿಯೂ ನೋಡಲಿಲ್ಲ.

ನೀರು ಏರತೊಡಗಿದಾಗ ತಳದ ಹುಳು ಹುಪ್ಪಟೆ ಕಿತ್ತುಕೊಂಡು ಬರುತ್ತವೆ, ದೊಡ್ಡ ಮೀನು ಬೇಟೆಗೆ ಇಳಿಯುತ್ತದೆ. ಮೀನು ಚೆನ್ನಾಗಿ ಗಾಳ ಕಚ್ಚುವುದೂ ದಡ ಸೇರಬೇಕಾದದ್ದೂ ಒಂದೇ ಹೊತ್ತಿಗೆ. ಇದು ಆ ಗೈಡ್‌ಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಇನ್ನೊಂದು ವಿಷಯ. ದಿಬ್ಬದ ಮೇಲೆ ನಿಂತವರಿಗೆ ಎದುರಿನ ನೀರಿನಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ತುಂಬುವುದು ಬೆನ್ನ ಹಿಂದೆ, ದಡಕ್ಕೂ ದಿಬ್ಬಕ್ಕೂ ನಡುವಿನ ಸಣ್ಣ ಕವಲು. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಆ ಕವಲು ನಾವು ಹೊರಟಾಗ ಸೊಂಟದವರೆಗೆ ಬಂದಿತ್ತು. ಅರ್ಧ ದಾರಿಯಲ್ಲಿ ಕಾಲ ಕೆಳಗಿನ ಜಲ್ಲಿ ಜಾರಿತು. ತಣ್ಣೀರು ವೇಡರ್ (ನೀರಿಗಿಳಿಯಲು ತೊಡುವ, ಎದೆಯವರೆಗಿನ ನೀರು ಹೊಗದ ಉಡುಪು) ಒಳಗೆ ನುಗ್ಗಿ ಎದೆಗೆ ತಾಗಿದ್ದೇ, ಉಸಿರು ಗಂಟಲಲ್ಲೇ ನಿಂತಿತು. ಅದರ ಸೊಂಟದ ಬೆಲ್ಟ್ ಬಿಗಿಯಾಗಿದ್ದರಿಂದ ಕಾಲಿನವರೆಗೆ ನೀರು ಇಳಿಯಲಿಲ್ಲ. ಸ್ನೇಹಿತ ಭುಜ ಹಿಡಿದು ಎಳೆದ. ನಾವು ದಡದಲ್ಲಿ ಏದುಸಿರು ಬಿಡುತ್ತಿದ್ದಾಗಲೇ ದಿಬ್ಬ ಮುಳುಗಿತು.

"ಸೈರನ್ ಕೇಳಿಸಲಿಲ್ಲವಲ್ಲ" ಅನ್ನುವುದು ಗೈಡ್‌ನ ಸಮಜಾಯಿಷಿ. ನೀರು ಬಿಡುವಾಗ ಎಚ್ಚರಿಸುವ ಆ ಸೈರನ್ ಇರುವುದು ಅಣೆಕಟ್ಟಿನ ಹತ್ತಿರ. ಮೈಲಿಗಟ್ಟಲೆ ಕೆಳಗಿರುವವರಿಗೆ ಅದು ಕೇಳುವುದಿಲ್ಲ, ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬರಲು ಗಂಟೆಗಳು ಬೇಕು. ನೀರು ಬಿಡುವ ವೇಳಾಪಟ್ಟಿಯೂ ಬರೀ ಅಂದಾಜು, ಬೇಡಿಕೆ ಬದಲಾದರೆ ಅದೂ ಬದಲಾಗುತ್ತದೆ.

ಹಾಗಾಗಿ ಗೈಡನ್ನು ಗೊತ್ತು ಮಾಡುವಾಗಲೇ ಕೇಳಿ: ಈಗ ಎಷ್ಟು ಟರ್ಬೈನ್ ಓಡುತ್ತಿವೆ, ಆ ನೀರು ನಾವಿರುವ ಜಾಗಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ವಾಪಸ್ ಬರುವ ದಾರಿ ಯಾವುದು? ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳಿ. ನೀರಂಚಿನ ಒಂದು ಒಣ ಕಲ್ಲನ್ನು ಗುರುತಿಟ್ಟುಕೊಂಡು ಆಗಾಗ ನೋಡುತ್ತಿರಿ. ಅದು ಒದ್ದೆಯಾದರೆ ಯಾರನ್ನೂ ಕೇಳದೆ ಹೊರಡಿ. ಕೊಚ್ಚಿಹೋದರೆ ರಾಡ್ ಬಿಟ್ಟುಬಿಡಿ, ಅಂಗಾತ ತೇಲಿ, ಪಾದ ಹರಿವಿನ ದಿಕ್ಕಿಗಿರಲಿ. ರಭಸ ಕಡಿಮೆಯಾಗುವ ಮೊದಲು ಎದ್ದು ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ನೀರು ತಲೆಯನ್ನು ಒಳಗೆ ಒತ್ತುತ್ತದೆ.